ಹವಾಯಿ ದ್ವೀಪದ ಗಿಟಾರೂ ಚನ್ನಪಟ್ಟಣದ ತಂತಿಯೂ

ಚನ್ನಪಟ್ಟಣವೆಂದೊಡನೆ ವಾಚಕರ ಕಣ್ಣ ಮುಂದೆ ಅರಗಿನ ಬಣ್ಣದ ಗೊಂಬೆಗಳು ಬಂದು ನಿಲ್ಲುವುದು ಸಹಜವಾಗಿದೆ. ಹಾಲೆಮರದ ತುಂಡು ಪಟ್ಟಡಿಯ ಮೇಲೆ ತಿರುಗುತ್ತಿರಲು ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ, ಗರಿಯಿಂದ ತೀಡಿ ಹೊಳಪೇರಿಸುವ ಆ ಕಸುಬನ್ನು ನೋಡದವರು ಈ ಪ್ರಾಂತದಲ್ಲಿ ವಿರಳ. ಆದರೆ ಅದೇ ಊರಿಗೆ ಒಂದು ಕಾಲದಲ್ಲಿ ಇನ್ನೊಂದು ಕೀರ್ತಿಯೂ ಇದ್ದಿತೆಂಬುದನ್ನು ಬಲ್ಲವರು ಈಗ ಬೆರಳೆಣಿಕೆಗೂ ಸಿಕ್ಕುವುದು ಕಷ್ಟ. ನನಗೂ ಅದು ಪುಸ್ತಕದಲ್ಲಿ ಓದಿ ಮರೆತಿದ್ದ ಸಂಗತಿಯೇ ಆಗಿತ್ತು. ಹೊಂಗನೂರಿನಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದಾಗಿ ಅದು ಮತ್ತೆ ನೆನಪಿಗೆ ಬಂದಿತು. ಆ ಪ್ರಸಂಗವನ್ನು ಮೊದಲು ಹೇಳಿ, ಆಮೇಲೆ ಚರಿತ್ರೆಯ ಮಾತಿಗೆ ಬರುವೆನು.

ಕಳೆದ ಕಾರ್ತಿಕದಲ್ಲಿ ಹೊಂಗನೂರಿನ ಉಪಾಧ್ಯಾಯ ಮಿತ್ರರೊಬ್ಬರು, "ನಿಮ್ಮ ಮನೆಯಲ್ಲಿ ಒಂದು ಪರದೇಶದ ವಾದ್ಯವಿದೆಯಂತೆ. ಅದನ್ನು ತಂದು ನಮ್ಮ ಹುಡುಗರಿಗೆ ಎರಡು ದಿನ ಏನಾದರೂ ಹೇಳಬಾರದೆ?" ಎಂದು ಕೇಳಿಕೊಂಡರು. ಆ ವಾದ್ಯವೆಂದರೆ ಹವಾಯಿ ಗಿಟಾರು. ನನ್ನ ಸೋದರಮಾವಂದಿರು ಬೆಂಗಳೂರಿನಲ್ಲಿ ಗುಮಾಸ್ತರಾಗಿದ್ದಾಗ ಗ್ರಾಮಫೋನು ತಟ್ಟೆಗಳನ್ನು ಕೇಳಿ ಕೇಳಿ, ಗುರುವಿಲ್ಲದೆಯೇ ಅದನ್ನು ಕಲಿತರು; ಅವರ ತರುವಾಯ ವಾದ್ಯ ನನ್ನ ಪಾಲಿಗೆ ಬಂದಿತು, ವಿದ್ಯೆ ಬರಲಿಲ್ಲ. ಒಂದೆರಡು ಮಟ್ಟುಗಳನ್ನು ತಡವರಿಸಿಕೊಂಡು ನುಡಿಸಬಲ್ಲೆನೆಂಬುದಷ್ಟೇ ನನ್ನ ಯೋಗ್ಯತೆ. ಆದರೂ ಒಪ್ಪಿಕೊಂಡು ಹೊರಟೆನು.

ಸ್ಟೀಲ್ ಗಿಟಾರು, ಎಂದರೆ ಉಕ್ಕಿನ ಗಿಟಾರು, ಎಂಬ ಹೆಸರನ್ನು ಕೇಳಿ ವಾದ್ಯವೇ ಉಕ್ಕಿನಿಂದ ಆದುದೆಂದು ಭಾವಿಸಬಾರದು. ಉಕ್ಕಿನ ಒಡಲುಳ್ಳವೂ ಉಂಟಾದರೂ ಹೆಸರು ಬಂದಿರುವುದು ನುಡಿಸುವವನ ಎಡಗೈಯಲ್ಲಿರುವ ಉಕ್ಕಿನ ತುಂಡಿನಿಂದ. ಸಾಮಾನ್ಯ ಗಿಟಾರನ್ನು ಎದೆಗೊತ್ತಿ ಹಿಡಿದು, ಬೆರಳಿನಿಂದ ತಂತಿಯನ್ನು ಮೆಟ್ಟಿಲಿಗೆ ಅದುಮಿ ನುಡಿಸುವರು. ಇದನ್ನು ತೊಡೆಯ ಮೇಲೆ ಅಂಗಾತವಾಗಿ ಮಲಗಿಸಿಕೊಳ್ಳುವರು. ತಂತಿಗಳು ಹಲಗೆಯಿಂದ ಎತ್ತರವಾಗಿರುವುವು. ಬಲಗೈ ಮೀಟುತ್ತಿರಲು, ಎಡಗೈಯ ಉಕ್ಕಿನ ತುಂಡು ತಂತಿಯನ್ನು ಹಲಗೆಗೆ ಮುಟ್ಟಿಸದೆ ಅದರ ಮೇಲೆಯೇ ಜಾರುವುದು. ಮೆಟ್ಟಿಲ ಗೆರೆಗಳು ಕಣ್ಣಿಗೆ ಗುರುತೇ ಹೊರತು ಸ್ವರಕ್ಕೆ ಕಟ್ಟಲ್ಲ. ಷಡ್ಜದಿಂದ ಪಂಚಮಕ್ಕೆ ಹೋಗುವಾಗ ನಡುವಣ ಎಲ್ಲ ಶ್ರುತಿಗಳನ್ನೂ ಸವರಿಕೊಂಡೇ ಹೋಗಬಹುದು. ನಮ್ಮ ವೈಣಿಕರು ತಂತಿಯನ್ನು ಪಕ್ಕಕ್ಕೆ ಎಳೆದು ತರುವ ಗಮಕವು ಇಲ್ಲಿ ಉದ್ದುದ್ದಕ್ಕೆ ಜಾರಿಯೇ ಬರುವುದು.

ಮೊದಲ ದಿನ ನಾನು ಒಂದು ಮಟ್ಟನ್ನು ನುಡಿಸಿದಾಗ ಮಕ್ಕಳಲ್ಲಿ ಕೆಲವರು ನಕ್ಕರು. ಒಬ್ಬಳು ಹುಡುಗಿ ಮಾತ್ರ, "ಇದು ಅಳ್ತಾ ಐತಲ್ವಾ ಸಾರ್?" ಎಂದಳು. ಈ ವಾದ್ಯವನ್ನು ಕುರಿತು ಲೋಕದ ದೊಡ್ಡ ದೊಡ್ಡ ರಸಿಕರು ಬರೆದಿರುವುದೂ ಅದಕ್ಕಿಂತ ಹೆಚ್ಚಿನ ಮಾತಲ್ಲ.

ಇದರ ಜನ್ಮಕಥೆಯು ಶಾಲೆಯ ಹುಡುಗರಿಗೆ ಹೇಳುವುದಕ್ಕೆಂದೇ ಹುಟ್ಟಿದಂತಿದೆ. ಏಕೆಂದರೆ ಇದನ್ನು ರೂಢಿಗೆ ತಂದವನೂ ಒಬ್ಬ ಶಾಲೆಯ ಹುಡುಗನೇ. ಶಾಂತ ಮಹಾಸಾಗರದ ನಡುವೆ ಹವಾಯಿ ಎಂಬ ದ್ವೀಪಸಮೂಹವಿದೆ. ಅಲ್ಲಿಯವರಿಗೆ ಗಿಟಾರು ಸ್ವಂತದ ವಾದ್ಯವಲ್ಲ. 1830ರ ಸುಮಾರಿಗೆ, ಕಾಡುಬಿದ್ದು ಹೆಚ್ಚಿದ್ದ ದನಗಳನ್ನು ಹಿಡಿಯುವುದಕ್ಕೆಂದು ಅಲ್ಲಿಯ ಅರಸನು ಮೆಕ್ಸಿಕೋ ದೇಶದ ಕಡೆಯಿಂದ ಕುದುರೆಯೇರಿದ ದನಗಾಹಿಗಳನ್ನು ಕರೆಸಿದನು. ಅವರ ಸಂಗಡ ಗಿಟಾರು ಬಂದಿತು. ದ್ವೀಪದ ಜನರು ಅದನ್ನು ತೆಗೆದುಕೊಂಡು, ತಂತಿಗಳ ಬಿಗಿಯನ್ನು ತಮ್ಮ ಮನಸ್ಸಿಗೆ ಬಂದಂತೆ ಸಡಿಲಿಸಿ, ಬರಿಯ ತಂತಿಗಳನ್ನು ಮೀಟಿದರೆ ಸಾಕು, ಒಟ್ಟಿಗೆ ಹೊಂದುವಂತೆ ಶ್ರುತಿ ಮಾಡಿಕೊಂಡರು. 1879ರಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಪೋರ್ಚುಗೀಸರ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳಿಗೆ ಕೂಲಿಗಳನ್ನು ತಂದಾಗ ಇನ್ನೊಂದು ಪುಟ್ಟ ತಂತಿವಾದ್ಯವೂ ಬಂದು, ಯೂಕಲೇಲಿಯೆಂಬ ಹೆಸರು ಪಡೆಯಿತು. ಹೀಗೆ ಪರಕೀಯವಾದುದನ್ನು ಒಲಿಸಿಕೊಂಡು ತನ್ನದಾಗಿ ಮಾಡಿಕೊಳ್ಳುವ ಜಾಣ್ಮೆ ಆ ಜನಕ್ಕೆ ಧಾರಾಳವಾಗಿದ್ದಿತು. ಪಿಟೀಲನ್ನು ನೆಲದ ಮೇಲೆ ಕುಳಿತು, ಎದೆಗೂ ಪಾದಕ್ಕೂ ಆನಿಸಿಕೊಂಡು ನುಡಿಸಿ, ಕರ್ಣಾಟಕ ಸಂಗೀತದ್ದೇ ಎಂಬಂತೆ ಮಾಡಿಕೊಂಡಿರುವ ನಮಗೆ ಇದು ಆಶ್ಚರ್ಯವೆನಿಸಬೇಕಾಗಿಲ್ಲ.

ಆ ದ್ವೀಪಗಳಲ್ಲಿ ಓಹು ಎಂಬುದರ ಲಾಯಿಎ ಎಂಬ ಹಳ್ಳಿಯಲ್ಲಿ 1874ರಲ್ಲಿ ಜೋಸೆಫ್ ಕೆಕುಕು ಎಂಬವನು ಹುಟ್ಟಿದನು. ಅವನು ಹೊನೊಲುಲು ನಗರದ ಕಮೆಹಮೆಹಾ ಬಾಲಕರ ಪಾಠಶಾಲೆಗೆ ಸೇರಿದನು. ಒಂದು ದಿನ ಗಿಟಾರನ್ನು ಹೆಗಲಿಗೇರಿಸಿಕೊಂಡು ರೈಲು ಹಳಿಯ ಮೇಲೆ ನಡೆದು ಹೋಗುತ್ತಿರಲು ಕಾಲಬಳಿ ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿಕೊಂಡನಂತೆ. ಅದು ಆಕಸ್ಮಿಕವಾಗಿ ತಂತಿಗೆ ತಗಲಿ ಹೊಸದೊಂದು ನಾದವು ಹೊಮ್ಮಿತಂತೆ. ಆ ನಾದದ ಬೆನ್ನು ಹತ್ತಿ ಅವನು ಚಾಕುವಿನ ಬೆನ್ನು, ಬಾಚಣಿಗೆ ಮುಂತಾದ ಕೈಗೆ ಸಿಕ್ಕಿದ ವಸ್ತುಗಳನ್ನೆಲ್ಲ ಪರೀಕ್ಷಿಸಿ, ಕಡೆಗೆ ಶಾಲೆಯ ಕಮ್ಮಟದಲ್ಲಿ ನುಣ್ಣನೆಯ ಉಕ್ಕಿನ ತುಂಡೊಂದನ್ನು ಮಾಡಿಕೊಂಡನು. ತುಂಡು ಮೆಟ್ಟಿಲಿಗೆ ತಾಗದಿರಲೆಂದು ತಂತಿಗಳನ್ನು ಎತ್ತರಿಸಿದನು. ಕರುಳಿನ ತಂತಿಗಳನ್ನು ತೆಗೆದು ಉಕ್ಕಿನ ತಂತಿಗಳನ್ನು ಕಟ್ಟಿದನು.

ಈ ಕಥೆಯನ್ನು ಕೆಲವರು 1885ನೆಯ ಇಸವಿಗೆ, ಕೆಕುಕುವಿನ ಹನ್ನೊಂದನೆಯ ವಯಸ್ಸಿಗೆ ಹಚ್ಚುವರು. ಅದು ಸರಿಬರುವುದಿಲ್ಲ. ಆ ಪಾಠಶಾಲೆಯ ಬಾಗಿಲು ತೆರೆದುದೇ 1887ರಲ್ಲಿ. ಓಹು ದ್ವೀಪದಲ್ಲಿ ಪ್ರಯಾಣಿಕರ ರೈಲು ಓಡಲು ಮೊದಲಾದುದು 1889ರ ಕೊನೆಯಲ್ಲಿ. ಹಳಿ ಎಂದುದು ಯಾವುದಾದರೂ ಕಬ್ಬಿನ ತೋಟದ ಬಂಡಿಹಳಿಯಾಗಿದ್ದರೆ ಆಗಬಹುದೆನ್ನಬಹುದು. ಆದರೆ ಇನ್ನೂ ಇಲ್ಲದ ಶಾಲೆಯ ಕಮ್ಮಟದಲ್ಲಿ ಉಕ್ಕನ್ನು ಅರೆಯಲು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ 1889 ಅಥವಾ ಅದರ ಆಸುಪಾಸು ಎನ್ನುವವರ ಮತವೇ ನನಗೆ ಒಪ್ಪಿತವಾಗಿದೆ. ಹುಡುಗನಿಗೆ ಆಗ ಹದಿನೈದು ವರ್ಷ. ಬೋಲ್ಟಿನ ಸಂಗತಿ ನಿಜವೋ, ಬಣ್ಣ ಹಚ್ಚಿದುದೋ, ಅದಕ್ಕಿಂತ ಮುಖ್ಯವಾದುದು ಆಮೇಲಣ ವರ್ಷಗಳ ಸಾಧನೆ. ದಾರಿಯಲ್ಲಿ ಬೋಲ್ಟು ಯಾರಿಗೂ ಸಿಕ್ಕೀತು.

ಇಲ್ಲಿ ನಮ್ಮ ದೇಶದ ಹೆಸರು ಬರುವ ಒಂದು ಪ್ರಸ್ತಾಪವಿದೆ. ಇದನ್ನು ಹೇಳದೆ ಮುಂದುವರಿದರೆ ಬಲ್ಲವರು ಒಪ್ಪಲಾರರು. ಹವಾಯಿಯ ಪ್ರಸಿದ್ಧ ಗೀತರಚಕನಾದ ಚಾರ್ಲ್ಸ್ ಕಿಂಗ್ ಎಂಬವನು ವೃದ್ಧನಾದ ಮೇಲೆ ತನ್ನ ಬಾಲ್ಯವನ್ನು ಸ್ಮರಿಸುತ್ತ, 1884ರ ಸುಮಾರಿನಲ್ಲಿ ಗೇಬ್ರಿಯಲ್ ಡೇವಿಯನ್ ಎಂಬವನು ಗಿಟಾರಿನ ತಂತಿಯ ಮೇಲೆ ಗಟ್ಟಿ ವಸ್ತುವೊಂದನ್ನು ಜಾರಿಸಿ ನುಡಿಸುತ್ತಿದ್ದುದನ್ನು ಕೇಳಿದುದಾಗಿ ತಿಳಿಸಿದ್ದಾನೆ. ಈ ಡೇವಿಯನ್ ಹಿಂದೂಸ್ಥಾನದಲ್ಲಿ ಹುಟ್ಟಿದವನೆಂದೂ ಹುಡುಗನಾಗಿದ್ದಾಗ ಹಡಗಿನ ಕಪ್ತಾನನೊಬ್ಬನು ಅವನನ್ನು ಹೊತ್ತುಕೊಂಡು ಹೋದನೆಂದೂ ಹೇಳುವರು. ಈ ವಿಷಯವನ್ನು ನಾನು ಹೇಳುತ್ತಲೇ ಹಿಂದಿನ ಸಾಲಿನಿಂದ ಒಬ್ಬನು, "ಅಂಗಾದ್ರೆ ನಮ್ಮೋರೇ ಮಾಡಿದ್ದು ಅನ್ನಿ ಸಾರ್!" ಎಂದು ಎದ್ದು ನಿಂತನು. ಎಲ್ಲರ ಮುಖವೂ ಅರಳಿತು.

ಆ ಕ್ಷಣದಲ್ಲಿ ಹೌದೆಂದುಬಿಡುವ ಆಸೆಯು ನನಗೂ ಆಗಲಿಲ್ಲವೆಂದು ಹೇಳಲಾರೆ. ಹೌದೆನ್ನುವುದಕ್ಕೆ ಆಧಾರವೂ ಇಲ್ಲದೆ ಇಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರದಲ್ಲಿ ಏಕತಂತ್ರಿಯೆಂಬ ವೀಣೆಯ ವರ್ಣನೆಯಿದೆ. ಅದಕ್ಕೆ ಮೆಟ್ಟಿಲುಗಳಿಲ್ಲ, ಎಡಗೈಯಲ್ಲಿ ಕಮ್ರಿಕೆಯೆಂಬ ಬಿದಿರ ತುಂಡನ್ನು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಕನ್ನಡ ನಾಡಿನ ಉತ್ತರ ಭಾಗವನ್ನೂ ಆಳುತ್ತಿದ್ದ ಆ ವಂಶದ ರಾಜಧಾನಿಯಲ್ಲಿ ಬರೆದ ಗ್ರಂಥವು ನಮಗೆ ತೀರ ಹೊರಗಿನದೇನಲ್ಲ. ಉತ್ತರದ ವಿಚಿತ್ರವೀಣೆಯೂ ದಕ್ಷಿಣದ ಗೋಟುವಾದ್ಯವೂ ಅದೇ ತತ್ತ್ವದವು. ತಂಜಾವೂರು ಸೀಮೆಯ ಸಖಾರಾಮ ರಾಯರು ಗೋಟುವಾದ್ಯಕ್ಕೆ ಮರುಜೀವ ಕೊಟ್ಟರು. ಅವರ ಶಿಷ್ಯರಾದ ನಾರಾಯಣ ಅಯ್ಯಂಗಾರ್ಯರು ಅದನ್ನು ಕಛೇರಿಯ ಅಗ್ರಪಂಕ್ತಿಗೆ ತಂದರು. ಮರದ ಉರುಳೆಯನ್ನು ತಂತಿಯ ಮೇಲೆ ಓಡಿಸುವ ಆ ವಾದ್ಯವನ್ನು ಕೇಳಿದವರಿಗೆ ಹವಾಯಿ ಗಿಟಾರು ಅಪರಿಚಿತವೆನಿಸದು.

ಆದರೆ ಇಷ್ಟರಿಂದ ಡೇವಿಯನ್ನನು ಸ್ವದೇಶದಲ್ಲಿ ಇಂಥ ವೀಣೆಯನ್ನು ಕಂಡಿದ್ದನೆಂದಾಗಲಿ, ಕೆಕುಕುವು ಡೇವಿಯನ್ನನನ್ನು ಕಂಡಿದ್ದನೆಂದಾಗಲಿ ಸಿದ್ಧವಾಗುವುದಿಲ್ಲ. ಐವತ್ತು ವರ್ಷಗಳ ಮೇಲೆ ಹೇಳಿದ ನೆನಪು ಒಂದು. ಎಲ್ಲಿಂದ ಬಂದನೆಂಬುದರ ಜನಶ್ರುತಿ ಇನ್ನೊಂದು. ನಡುವೆ ದಾರವಿಲ್ಲ. ತಂತಿಯ ಮೇಲೆ ಗಟ್ಟಿಯಾದುದನ್ನು ಜಾರಿಸಬಹುದೆಂಬುದು ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆಯವರಿಗೆ ತೋರಿರುವುದಕ್ಕೂ ಅಡ್ಡಿಯಿಲ್ಲ. ಇದನ್ನೆಲ್ಲ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಿ, "ನಮ್ಮವನಿರಬಹುದಪ್ಪ, ಆದರೆ ಗೊತ್ತಿಲ್ಲದುದನ್ನು ಗೊತ್ತಿದೆಯೆನ್ನಬಾರದು" ಎಂದೆನು. ಎದ್ದು ನಿಂತವನು ಮುಖ ಸಣ್ಣಗೆ ಮಾಡಿಕೊಂಡು ಕುಳಿತನು. ಅವನಿಗೆ ಕೊಡುವುದಕ್ಕೆ ಇದಕ್ಕಿಂತ ಗಟ್ಟಿಯಾದ ಪದಾರ್ಥವೊಂದು ಐದಾರು ಮೈಲಿಯೊಳಗೇ ಇದ್ದಿತೆಂಬುದು ಆಗ ನನಗೆ ಹೊಳೆಯಲಿಲ್ಲ.

ಹವಾಯಿಯ ಕಡೆಗೆ ಇನ್ನೊಮ್ಮೆ ಹೋಗಿ ಬರೋಣ. ಕೆಕುಕು ಈ ವಿದ್ಯೆಯಲ್ಲಿ ಕೈಬಲಿಸುತ್ತಿದ್ದ ವರ್ಷಗಳಲ್ಲಿಯೇ ಅವನ ನಾಡು ಸ್ವಾತಂತ್ರ್ಯವನ್ನು ಕಳೆದುಕೊಂಡಿತು. 1893ರಲ್ಲಿ, ಸಕ್ಕರೆ ವ್ಯಾಪಾರದ ಬಲವುಳ್ಳ ಬಿಳಿಯರು ಅಮೆರಿಕಾದ ನೌಕಾಪಡೆಯ ನೆರಳಿನಲ್ಲಿ ನಿಂತು ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. ಆಕೆ ಸ್ವತಃ ಗೀತರಚಕಿ. ಇಂದಿಗೂ ಗಿಟಾರಿನಲ್ಲಿ ಕೇಳಿಬರುವ 'ಅಲೋಹಾ ಓಎ' ಎಂಬ ಬೀಳ್ಕೊಡುಗೆಯ ಹಾಡು ಆಕೆಯದೇ. 1896ರಲ್ಲಿ ಹೊಸ ಸರ್ಕಾರವು ಶಾಲೆಗಳಲ್ಲಿ ಬೋಧನೆ ಇಂಗ್ಲಿಷಿನಲ್ಲಿಯೇ ಆಗತಕ್ಕುದೆಂದು ಕಾನೂನು ಮಾಡಿತು. 1898ರಲ್ಲಿ ದ್ವೀಪಗಳು ಅಮೆರಿಕಾಕ್ಕೆ ಸೇರಿದುವು. ತಮ್ಮ ಮಾತನ್ನು ಶಾಲೆಯಲ್ಲಿ ಆಡಿದುದಕ್ಕಾಗಿ ಪೆಟ್ಟು ತಿಂದೆವೆಂದು ಹೇಳಿಕೊಂಡ ಹಿರಿಯರು ಆ ದ್ವೀಪಗಳಲ್ಲಿ ಬಹುಕಾಲದವರೆಗೆ ಇದ್ದರು. 1980ರ ಹೊತ್ತಿಗೆ ಆ ಭಾಷೆಯನ್ನಾಡುವ ಮಕ್ಕಳು ಬಹಳ ಕಡಮೆಯಾದರು. 1984ರಲ್ಲಿ ಕೆಲವರು ಕಲೆತು, ಎಳೆಯ ಮಕ್ಕಳಿಗೆ ಹವಾಯಿ ಭಾಷೆಯಲ್ಲಿಯೇ ಎಲ್ಲವನ್ನೂ ಕಲಿಸುವ ಶಾಲೆಗಳನ್ನು ತೆರೆದ ಮೇಲೆ ಅದು ಮೆಲ್ಲಗೆ ಚೇತರಿಸಿಕೊಳ್ಳುತ್ತ ಬಂದಿದೆ.

ರಾಜ್ಯ ಹೋಯಿತು, ಮಾತು ಹಿಂಜರಿಯಿತು, ನಾದವೊಂದು ಮಾತ್ರ ಲೋಕಸಂಚಾರಕ್ಕೆ ಹೊರಟಿತು. 1904ರಲ್ಲಿ ಕೆಕುಕು ಅಮೆರಿಕಾಕ್ಕೆ ತೆರಳಿದನು. 1912ರಲ್ಲಿ ನ್ಯೂಯಾರ್ಕಿನಲ್ಲಿ 'ಸ್ವರ್ಗದ ಹಕ್ಕಿ' ಎಂಬರ್ಥದ ಹೆಸರಿನ ನಾಟಕವೊಂದು ಹವಾಯಿ ವಾದ್ಯಗಾರರೊಡನೆ ರಂಗಕ್ಕೆ ಬಂದಿತು. 1915ರಲ್ಲಿ, ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕಾಗಿ ಸಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾ ವಸ್ತುಪ್ರದರ್ಶನದ ಹವಾಯಿ ಮಂದಿರದಲ್ಲಿ ಲಕ್ಷಾಂತರ ಜನರು ಈ ಗಿಟಾರನ್ನು ಕೇಳಿ ಮರುಳಾದರು. ಅದರ ಮರುವರ್ಷಗಳಲ್ಲಿ ಹವಾಯಿ ಮಟ್ಟಿನ ಗ್ರಾಮಫೋನು ತಟ್ಟೆಗಳು ಅಮೆರಿಕಾದಲ್ಲಿ ಹೇರಳವಾಗಿ ಖರ್ಚಾದುವು. ಕೆಕುಕು 1919ರಲ್ಲಿ ಯೂರೋಪಿಗೆ ಹೋಗಿ ಸುಮಾರು ಎಂಟು ವರ್ಷ ಊರೂರು ಸುತ್ತಿ, ಹಿಂದಿರುಗಿ, 1932ರಲ್ಲಿ ಅಮೆರಿಕಾದ ನ್ಯೂಜೆರ್ಸಿಯಲ್ಲಿ ತೀರಿಕೊಂಡನು. ತನ್ನ ದ್ವೀಪದ ಮಣ್ಣಿನಲ್ಲಿ ಅಲ್ಲ. ಅದೇ ವರ್ಷ ಅಂಗಡಿಗೆ ಬಂದ ಮೊತ್ತಮೊದಲ ವಿದ್ಯುದ್ಗಿಟಾರು ಕೂಡ ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರೇ ಆಗಿತ್ತೆಂಬುದನ್ನು, ಈಗಿನ ತರುಣರ ಅಬ್ಬರದ ವಾದ್ಯಗೋಷ್ಠಿಗಳನ್ನು ಕೇಳಿ ಕಿವಿ ಮುಚ್ಚಿಕೊಳ್ಳುವ ಹಿರಿಯರು ಗಮನಿಸಬಹುದು.

ನಮ್ಮ ದೇಶದಲ್ಲಿ ಇದು ನೆಲೆಯೂರಿದುದು ಮುಖ್ಯವಾಗಿ ಕಲ್ಕತ್ತೆಯಲ್ಲಿ. ಸಮೋವಾದಲ್ಲಿ ಹುಟ್ಟಿ ಲಾಯಿಎಯಲ್ಲಿಯೇ ಬೆಳೆದ ಟೌ ಮೋಯಿ ಎಂಬವನು, ಎಂದರೆ ಕೆಕುಕುವಿನ ಹಳ್ಳಿಯವನೇ, ಹೆಂಡತಿ ಮಕ್ಕಳೊಡನೆ ವಾದ್ಯಮೇಳ ಕಟ್ಟಿಕೊಂಡು ಲೋಕವನ್ನೆಲ್ಲ ಸುತ್ತಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಯಲ್ಲಿ ತಂಗಿದ್ದನು, ಅನೇಕರಿಗೆ ಕಲಿಸಿದನು. ಅಲ್ಲಿಂದ ಆಕಾಶವಾಣಿಗೆ, ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಿಗೆ ಇದು ಹಬ್ಬಿತು. ನನ್ನ ಸೋದರಮಾವಂದಿರು ಕೇಳುತ್ತಿದ್ದ ತಟ್ಟೆಗಳು ಆ ಬಗೆಯವು. ಜೋಧಪುರದ ಬ್ರಿಜಭೂಷಣ ಕಾಬ್ರಾ ಅವರು ಇದರಲ್ಲಿ ಹಿಂದೂಸ್ಥಾನಿ ರಾಗಗಳನ್ನು ಶಾಸ್ತ್ರಶುದ್ಧವಾಗಿ ನುಡಿಸಿ ತೋರಿಸಿದರು. 1967ರಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಇವರೊಡನೆ ಅವರು ನುಡಿಸಿದ ತಟ್ಟೆಯು ಮನೆಮನೆಗೂ ಮುಟ್ಟಿತು. ಜಯಪುರದ ವಿಶ್ವಮೋಹನ ಭಟ್ಟರು ಇದಕ್ಕೆ ತರಬು ತಂತಿಗಳನ್ನು ಸೇರಿಸಿ ಮೋಹನವೀಣೆಯೆಂದು ಹೆಸರಿಟ್ಟು, 1994ರಲ್ಲಿ ಅಮೆರಿಕಾದ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದರು. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರೂ ಈ ಜಾರುಗಿಟಾರಿನಲ್ಲಿ ಹೆಸರಾದವರು. ಹೆಸರುಗಳ ಪಟ್ಟಿಯನ್ನು ಬೆಳೆಸುವುದು ಸುಲಭ. ಪ್ರಕೃತಕ್ಕೆ ಇಷ್ಟು ಸಾಕು.

ಎರಡನೆಯ ದಿನ ಮಕ್ಕಳ ಕೈಗೇ ವಾದ್ಯವನ್ನು ಕೊಟ್ಟೆನು. ನಾನು ತಂದಿದ್ದ ಉಕ್ಕಿನ ತುಂಡು ಒಂದೇ, ಮಕ್ಕಳು ಮೂವತ್ತು. ಕೆಕುಕುವಿನ ಕಥೆಯನ್ನು ಕೇಳಿದ್ದ ಅವರು ಸುಮ್ಮನಿರುವರೆ? ಒಬ್ಬನು ಮನೆಯಿಂದ ಅರಗು ಹಚ್ಚಿದ ಮರದ ಲಟ್ಟಣಿಗೆಯನ್ನು ತಂದನು. ನಾದವು ಮಂಕಾಗಿ ಬಂದು ಬೇಗ ಆರಿಹೋಯಿತು. ಗಾಜಿನ ಸೀಸೆಯಿಂದ ಇಂಪಾಗಿ, ಆದರೆ ತೆಳ್ಳಗೆ ಬಂದಿತು. ಪಂಪುಸೆಟ್ಟಿನ ರಿಪೇರಿಗೆಂದು ಮನೆಯಲ್ಲಿಟ್ಟಿದ್ದ ಕಬ್ಬಿಣದ ಗೂಟವೊಂದನ್ನು ತಂದವನ ಕೈಯಲ್ಲಿ ಮಾತ್ರ ತಂತಿಯು ಚೆನ್ನಾಗಿ ಮೊಳಗಿತು. ತುಂಡಿಗೆ ಭಾರವಿರಬೇಕು, ಮೈ ನುಣುಪಾಗಿರಬೇಕು, ಇಲ್ಲದಿದ್ದರೆ ತಂತಿಯ ಕಂಪನವನ್ನು ತಾನೇ ನುಂಗಿಬಿಡುವುದೆಂಬ ತತ್ತ್ವವನ್ನು ನಾನು ಹೇಳುವ ಮೊದಲೇ ಅವರು ಕಂಡುಕೊಂಡರು. ತಂತಿಯ ಉದ್ದದ ಸರಿಯರ್ಧದಲ್ಲಿ ತುಂಡನ್ನಿಟ್ಟರೆ ಮೇಲಣ ಷಡ್ಜವು ನುಡಿಯುವುದನ್ನು ಅಳತೆಯ ಪಟ್ಟಿಯಿಟ್ಟು ನೋಡಿ ನಲಿದರು.

ಈ ಗದ್ದಲದಲ್ಲಿ ಮೊದಲನೆಯ ತಂತಿ ಪಟ್ಟೆಂದು ಹರಿಯಿತು. ಎಲ್ಲರೂ ಸ್ತಬ್ಧರಾದರು. ನಾನು ಪೆಟ್ಟಿಗೆಯಿಂದ ಹೊಸ ತಂತಿಯನ್ನು ತೆಗೆದು ಬಿರಡೆಗೆ ಸುತ್ತುತ್ತಿರಲು, ಹಿಂದಿನ ದಿನ ಮುಖ ಸಣ್ಣಗೆ ಮಾಡಿಕೊಂಡಿದ್ದ ಆ ಹುಡುಗನೇ ಹತ್ತಿರ ಬಂದು ಪೊಟ್ಟಣದ ಮೇಲಣ ಅಕ್ಷರಗಳನ್ನು ಕೂಡಿಸಿ ಓದಿ, "ತಂತಿನೂ ಅಮೆರಿಕಾದಿಂದ್ಲೇ ಬರ್ಬೇಕಾ ಸಾರ್? ನಮ್ಮ ಕಡೆ ಮಾಡಕ್ಕಿಲ್ವಾ?" ಎಂದನು.

ಇದೇ ನಾನು ಮೊದಲಲ್ಲಿ ಹೇಳಿದ ಪ್ರಶ್ನೆ. ಬಿರಡೆಯ ಮೇಲಿದ್ದ ನನ್ನ ಕೈ ನಿಂತಿತು.

ಚನ್ನಪಟ್ಟಣದ ಕೋಟೆಯನ್ನು 1580ರ ಸುಮಾರಿಗೆ ಜಗದೇವರಾಯನು ಕಟ್ಟಿಸಿದನೆಂದೂ 1630ರಲ್ಲಿ ಅದು ಮೈಸೂರು ಒಡೆಯರ ವಶವಾಯಿತೆಂದೂ ಶಾಲೆಯ ಪುಸ್ತಕಗಳಲ್ಲಿ ಉಂಟು. ಕೋಟೆಗೆ ಈಶಾನ್ಯದಲ್ಲಿರುವುದು ಶುಕ್ರವಾರಪೇಟೆ. ಬಿ. ಎಲ್. ರೈಸ್ ಮಹಾಶಯರು 1877ರಲ್ಲಿ ಪ್ರಕಟಿಸಿ 1897ರಲ್ಲಿ ಪರಿಷ್ಕರಿಸಿದ ಮೈಸೂರು ಗ್ಯಾಸೆಟಿಯರಿನಲ್ಲಿ, ಈ ಪೇಟೆಯು ಅರಗಿನ ಸಾಮಾನು ಮತ್ತು ಆಟಿಕೆಗಳಿಗೆ, ಗಾಜಿನ ಬಳೆಗಳಿಗೆ, ಹಾಗೂ ಸಂಗೀತ ವಾದ್ಯಗಳಿಗೆ ಕಟ್ಟುವ ಸೂಕ್ಷ್ಮವಾದ ಉಕ್ಕಿನ ತಂತಿಗೆ ಪ್ರಸಿದ್ಧವೆಂದು ಬರೆದಿದ್ದಾರೆ. ಆ ತಂತಿಗೆ ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಬೇಡಿಕೆಯಿದ್ದಿತೆಂಬುದನ್ನೂ ಹೇಳಿದ್ದಾರೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಕುಂಪಣಿಯ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಬುಕನನ್ನನೂ ಚನ್ನಪಟ್ಟಣದ ವಾದ್ಯತಂತಿಯ ಮಾತನ್ನು ಎತ್ತಿದ್ದಾನೆ. ಹಾಗಾದರೆ ಸುಮಾರು ನೂರು ವರ್ಷಗಳ ಕಾಲ ತಂಬೂರಿಗಳೂ ವೀಣೆಗಳೂ ನಮ್ಮ ಈ ಊರಿನ ತಂತಿಯಿಂದ ನುಡಿದುವು.

ವಾದ್ಯದ ತಂತಿಯೆಂದರೆ ಬೇಲಿಯ ತಂತಿಯಲ್ಲ. ಗೊತ್ತಾದ ಉದ್ದದ ತಂತಿಯನ್ನು ಹರಿಯದಂತೆ ಎಷ್ಟು ಮೇಲಣ ಶ್ರುತಿಗೆ ಏರಿಸಬಹುದೆಂಬುದು ಅದರ ದಪ್ಪವನ್ನು ಅವಲಂಬಿಸಿಲ್ಲ. ಲೋಹದ ಸತ್ತ್ವವನ್ನೇ ಅವಲಂಬಿಸಿದೆ. ದಪ್ಪವಾದ ತಂತಿಗೆ ಬಲ ಹೆಚ್ಚು, ಆದರೆ ಭಾರವೂ ಅಷ್ಟೇ ಹೆಚ್ಚಾಗಿ, ಅದೇ ಶ್ರುತಿಗೆ ಅಷ್ಟೇ ಹೆಚ್ಚಿನ ಬಿಗಿಯನ್ನು ಬೇಡುವುದು. ಮೆದು ಕಬ್ಬಿಣವು ಬೇಗ ಕೈಕೊಡುವುದು. ಇದ್ದಿಲಿನ ಸಾರವನ್ನು ಹೀರಿಕೊಂಡ ಉಕ್ಕು ತಾಳುವುದು. ಅಂಥ ಉಕ್ಕು ಮೈಸೂರು ಸೀಮೆಗೆ ಹೊಸದಲ್ಲ. ಮೂಸೆಯಲ್ಲಿ ಕಬ್ಬಿಣದ ಚೂರುಗಳನ್ನು ಸೌದೆ ಮತ್ತು ಎಲೆಗಳೊಡನೆ ಇಟ್ಟು, ಮಣ್ಣಿನಿಂದ ಬಾಯಿ ಮೆತ್ತಿ, ಕುಲುಮೆಯಲ್ಲಿ ಕಾಯಿಸಿ ತೆಗೆಯುತ್ತಿದ್ದ ಉಕ್ಕಿನ ಗಟ್ಟಿಗಳನ್ನು ಯೂರೋಪಿನವರು 'ವೂಟ್ಸ್' ಎಂದು ಕರೆದರು. ಅದು ನಮ್ಮ ಉಕ್ಕು ಎಂಬ ಮಾತೇ ಅವರ ನಾಲಗೆಯಲ್ಲಿ ತಿರುಚಿದುದೆಂದು ಹಲವರ ಮತ. ಲಂಡನ್ನಿನ ಫ್ಯಾರಡೆಯಂಥ ವಿಜ್ಞಾನಿಯೂ 1819ರಿಂದೀಚೆಗೆ ಅದರ ಗುಟ್ಟನ್ನು ಬಿಡಿಸಲು ತೊಡಗಿದ್ದನು. ಮಾಗಡಿಯ ಕಡೆಯ ಘಟ್ಟಿಪುರದಲ್ಲಿ ಕಬ್ಬಿಣದ ಅದಿರನ್ನು ಕರಗಿಸುತ್ತಿದ್ದರೆಂಬುದೂ ದಾಖಲೆಯಲ್ಲಿದೆ.

ಅಂಥ ಉಕ್ಕನ್ನು ಸರಳಾಗಿ ಬಡಿದು, ತುದಿಯನ್ನು ಚೂಪುಮಾಡಿ, ಒಂದಕ್ಕಿಂತ ಒಂದು ಕಿರಿದಾದ ತೂತುಗಳುಳ್ಳ ಕಂಬಚ್ಚಿನಲ್ಲಿ ಹಾಯಿಸಿ ಎಳೆಯಬೇಕು. ಅಕ್ಕಸಾಲಿಗರು ಬಂಗಾರದ ಎಳೆ ತೆಗೆಯುವುದನ್ನು ಕಂಡವರಿಗೆ ಇದು ತಿಳಿಯುವುದು. ಆದರೆ ಬಂಗಾರವು ಸಾಧು ಲೋಹ, ಉಕ್ಕು ಹಟಮಾರಿ. ಪ್ರತಿಯೊಂದು ಎಳೆತಕ್ಕೂ ಅದು ಬಿರುಸಾಗುತ್ತ ಹೋಗುವುದು. ಮಿತಿ ಮೀರಿದರೆ ತುಂಡಾಗುವುದು. ನಡುನಡುವೆ ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಹೆಚ್ಚು ಕಾಯಿಸಿದರೆ ಉಕ್ಕಿನ ಸಾರವೇ ಸುಟ್ಟುಹೋಗುವುದು. ಕಡೆಯ ಎಳೆತಗಳ ಬಿರುಸನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಏಕೆಂದರೆ ಶ್ರುತಿಯನ್ನು ಹಿಡಿದು ನಿಲ್ಲಿಸುವುದು ಆ ಬಿರುಸೇ. ಇದನ್ನು ಕಣ್ಣಳತೆಯಿಂದ, ಬೆಂಕಿಯ ಬಣ್ಣ ನೋಡಿ, ಕೂದಲೆಳೆಯಷ್ಟು ತೆಳುವಾಗಿ, ಉದ್ದಕ್ಕೂ ಒಂದೇ ಸಮನಾಗಿ ಮಾಡಬೇಕಾದರೆ ಎಂಥ ಕೈಯಿರಬೇಕು! ದಪ್ಪದಲ್ಲಿ ತುಸು ಏರುಪೇರಾದರೂ ತಂತಿಯು ಅಪಸ್ವರವಾಗಿ ನುಡಿಯುವುದು, ಅದಕ್ಕೆ ಮುಖದಾಕ್ಷಿಣ್ಯವಿಲ್ಲ.

ಈ ಕಸುಬು ಹೇಗೆ ಅಳಿಯಿತು? ಅರಸು ಮುನಿದು ಅಳಿಸಲಿಲ್ಲ, ಕ್ಷಾಮವೂ ಅಳಿಸಲಿಲ್ಲ. 1850ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಡೆ ಉಕ್ಕಿನ ತಂತಿಯನ್ನು ಹದಗೊಳಿಸುವ ಹೊಸ ಕ್ರಮವನ್ನು ಕಂಡುಹಿಡಿದರು. ಪಿಯಾನೋ ವಾದ್ಯಕ್ಕೆಂದು ಹುಟ್ಟಿದ ಆ ತಂತಿಯನ್ನು 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಹಗ್ಗಕ್ಕೆ ಕವಚವಾಗಿ ಸುತ್ತಿದರು. ಅದೊಂದಕ್ಕೇ ಸುಮಾರು 30,000 ಮೈಲಿ ತಂತಿಯನ್ನು ಒಂದೇ ಕಾರ್ಖಾನೆ ಎಳೆದು ಕೊಟ್ಟಿತು. ಶುಕ್ರವಾರಪೇಟೆಯ ಕುಲುಮೆಯು ಅದರೆದುರು ಎಷ್ಟು ದಿನ ನಿಂತೀತು? 1882ರ ಹೊತ್ತಿಗೆ ಬೆಂಗಳೂರು ಮೈಸೂರುಗಳ ನಡುವೆ ಹಾಕಿದ ರೈಲು ಚನ್ನಪಟ್ಟಣದ ಮೇಲೆಯೇ ಹಾದುಹೋಯಿತು. ಅದರಿಂದ ಗೊಂಬೆಗಳು ದೂರದೂರಿಗೆ ಹೋದುವು. ಅದರಿಂದಲೇ ಸೀಮೆಯ ತಂತಿಯ ಸುರುಳಿಗಳು ಅಗ್ಗವಾಗಿ ಬಂದಿಳಿದುವು. ಹವಾಯಿಯ ಹುಡುಗನಿಗೆ ಹಳಿಯ ಬದಿಯಲ್ಲಿ ಒಂದು ಬೋಲ್ಟು ಸಿಕ್ಕಿತು. ನಮಗೆ ಅದೇ ಹಳಿಯ ಬದಿಯಲ್ಲಿ ಒಂದು ವಿದ್ಯೆ ಕಳೆದುಹೋಯಿತು. ಗೊಂಬೆಯ ಕಸುಬಿಗೆ ಸರ್ಕಾರದವರ ಆಸರೆ ದೊರೆಯಿತು, ಹೊಸ ಮಾದರಿಗಳು ಬಂದುವು, ನಮ್ಮ ಕಾಲದಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಆಯಿತು. ತಂತಿಯ ಪರವಾಗಿ ಮಾತನಾಡಿದವರು ಯಾರೂ ಕಾಣುವುದಿಲ್ಲ. ಗೊಂಬೆಯನ್ನು ಎಲ್ಲರೂ ಕಾಣುತ್ತಾರೆ; ತಂತಿಯನ್ನು ಕಾಣುವವರಾರು? ಕೇಳುವವರಿಗೆ ವಿದ್ವಾಂಸರ ಹೆಸರು ಗೊತ್ತಿರುತ್ತದೆ, ತಂತಿ ಎಳೆದವನ ಹೆಸರು ಗೊತ್ತಿರುವುದಿಲ್ಲ. ಗ್ಯಾಸೆಟಿಯರು ಕೂಡ ಒಬ್ಬನ ಹೆಸರನ್ನೂ ಕೊಟ್ಟಿಲ್ಲ.

ಇದರಲ್ಲಿ ಸಾಧ್ಯವಾದಷ್ಟನ್ನು ಆ ಹುಡುಗನಿಗೂ ಅವನ ಜೊತೆಯವರಿಗೂ ಹೇಳಿದೆನು. ಹಿಂದಿನ ದಿನದಂತೆ ಯಾರೂ ಎದ್ದು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು, "ಶುಕ್ರವಾರಪೇಟೆನಲ್ಲಿ ನಮ್ಮತ್ತೆ ಮನೆ ಐತೆ ಸಾರ್. ಯಾರೂ ಏಳೇ ಇಲ್ಲ" ಎಂದನು.

ಅನಂತರ ನಾನೂ ಒಂದು ದಿನ ಆ ಪೇಟೆಗೆ ಹೋಗಿ ಬಂದೆನು. ಪಟ್ಟಡಿಗಳು ತಿರುಗುತ್ತಿದ್ದುವು; ಅರಗಿನ ವಾಸನೆ ಬೀದಿಯಲ್ಲಿ ತುಂಬಿತ್ತು. ವಯಸ್ಸಾದ ಸಾಬರೊಬ್ಬರು ಕೆಲಸ ನಿಲ್ಲಿಸಿ ಕೂರಿಸಿ ಉಪಚರಿಸಿ, ನನ್ನ ಮಾತನ್ನೆಲ್ಲ ಕೇಳಿ, ತಂತಿಯ ವಿಚಾರ ತಮ್ಮ ಹಿರಿಯರ ಬಾಯಲ್ಲೂ ಕೇಳಿದ ನೆನಪಿಲ್ಲವೆಂದರು. ಬಳಿಕ, "ಬಿರಡೆ ಬೇಕಾದರೆ ಹೇಳಿ ಸ್ವಾಮಿ, ತಿರುವಿ ಕೊಡ್ತೀನಿ" ಎಂದರು. ಆರು ಬಿರಡೆಗಳಿಗೆ ಹೇಳಿ ಬಂದೆನು.

ಅವು ಹೊಂಗನೂರಿಗಾಗಿ. ನನ್ನ ಗಿಟಾರು ಎಷ್ಟು ದಿನ ಅಲ್ಲಿರಲಾದೀತು? ಬಡಗಿಯಿಂದ ಒಂದು ಉದ್ದ ಹಲಗೆ ಹಾಕಿಸಿ, ಎರಡು ಕಡೆ ಎತ್ತರದ ಕುದುರೆಯಿಟ್ಟು, ತಂತಿ ಬಿಗಿದು ಮಕ್ಕಳಿಗೆ ಕೊಡಬೇಕೆಂದು ಉಪಾಧ್ಯಾಯ ಮಿತ್ರರೂ ನಾನೂ ಯೋಚಿಸಿದ್ದೇವೆ. ಅಷ್ಟರೊಳಗೆ, ವಾದ್ಯವು ಅಳುತ್ತದೆಂದಿದ್ದ ಆ ಹುಡುಗಿ ತಾನೇ ಒಂದು ಉಪಾಯವನ್ನು ಕಂಡುಕೊಂಡಿದ್ದಳು. ಅವಳ ತಾತ ಮಂಟೇಸ್ವಾಮಿಯ ಪದಗಳನ್ನು ಹಾಡುವವರು. ಮನೆಯ ಗೂಟಕ್ಕೆ ತೂಗುಹಾಕಿದ್ದ ಅವರ ತಂಬೂರಿಯನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಪಂಪುಸೆಟ್ಟಿನ ಆ ಕಬ್ಬಿಣದ ಗೂಟವನ್ನು ಬೇಡಿ ತಂದು, ತಂತಿಯ ಮೇಲೆ ಜಾರಿಸುತ್ತ ತಾತನ ಪದದ ಮಟ್ಟನ್ನು ಹುಡುಕುತ್ತಿದ್ದಳಂತೆ. ತಾತ ಮೊದಲು ಗದರಿಸಿದರಂತೆ. ಆಮೇಲೆ ಹತ್ತಿರ ಕುಳಿತು, "ಅಲ್ಲಲ್ಲ ಕಣವ್ವ, ಇನ್ನೊಂಚೂರು ಕೆಳಕ್ಕೆ" ಎಂದರಂತೆ. ತಂತಿಗಳು ಬೆಂಗಳೂರಿನಿಂದ ಬರಬೇಕಾಗಿದೆ.